ನಾಲ್ಕು ನಿಮಿಷದ ಅಪ್ರೂವಲ್

ಮಾರ್ಚ್ 28ರ ಬೆಳಿಗ್ಗೆ ಸಪೋರ್ಟ್ ಟೀಮಿನಿಂದ ಒಂದು ಮೆಸೇಜ್ ಬಂತು. ಕೆಲವು ಗ್ರಾಹಕರ ಖಾತೆಯಿಂದ ಮೂರು ದಿನ ಮೊದಲೇ ದುಡ್ಡು ಕಟ್ ಆಗಿದೆಯಂತೆ, ಸ್ವಲ್ಪ ನೋಡ್ತೀರಾ ಅಂತ. ಯಾರೋ ಒಬ್ಬಿಬ್ಬರು ತಾರೀಖು ತಪ್ಪು ತಿಳಿದಿರಬೇಕು ಅಂದುಕೊಂಡು ಬೇರೆ ಕೆಲಸ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಅಂಥ ದೂರುಗಳು ನಲವತ್ತು ದಾಟಿದ್ದವು. ಒಬ್ಬರು ಬರೆದದ್ದು ಇನ್ನೂ ನೆನಪಿದೆ. "ನನಗೆ ಸಂಬಳ ಆಗೋದು ತಿಂಗಳ ಕೊನೆಯ ದಿನ. ಅದಕ್ಕೇ ಲೆಕ್ಕ ಹಾಕಿ 31ಕ್ಕೆ ಸೇರಿದ್ದೆ. ನೀವು 28ಕ್ಕೇ ಕೈ ಹಾಕಿದ್ರೆ ಖಾತೆಯಲ್ಲಿ ಏನಿರುತ್ತೆ?" ಆ 31 ಅನ್ನೋ ಅಂಕಿ ಕಣ್ಣಿಗೆ ಬಿದ್ದ ತಕ್ಷಣ ಹೊಟ್ಟೆ ಧಸಕ್ ಅಂತು. ಉಳಿದದ್ದನ್ನು ಓದಬೇಕಾಗಿರಲಿಲ್ಲ. ಏನಾಗಿದೆ ಅಂತ ಗೊತ್ತಾಗಿತ್ತು. ಈ ತಪ್ಪನ್ನು ಇಪ್ಪತ್ತು ವರ್ಷದ ಹಿಂದೆಯೇ ನಾನು ಒಂದು ಸಲ ಮಾಡಿ, ಬೈಸಿಕೊಂಡು, ಮುಗಿಸಿದ್ದೆ.

ತಿಂಗಳು ತಿಂಗಳು ಬಿಲ್ ಮಾಡುವ ಯಾವುದೇ ಸಾಫ್ಟ್‌ವೇರಿನಲ್ಲಿ ಕಾಲು ಜಾರಿ ಬೀಳುವ ಈ ಗುಂಡಿ ಇದ್ದೇ ಇರುತ್ತದೆ. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಯಾವ ತಾರೀಖು? ಫೆಬ್ರವರಿ 31 ಅನ್ನೋದೇ ಇಲ್ಲ. ಒಂದೊಂದು ಪ್ರೋಗ್ರಾಮಿಂಗ್ ಭಾಷೆ ಒಂದೊಂದು ಥರ ಹೇಳುತ್ತದೆ. ಜಾವಾ ಅದನ್ನು 28ಕ್ಕೆ ಇಳಿಸುತ್ತದೆ. ಜಾವಾಸ್ಕ್ರಿಪ್ಟ್ ಉಳಿದ ಮೂರು ದಿನವನ್ನು ಮುಂದಕ್ಕೆ ತಳ್ಳಿ ಮಾರ್ಚ್ 3 ಅನ್ನುತ್ತದೆ. ಪೈಥಾನ್‌ನಲ್ಲಿ ಸೀದಾ ತಿಂಗಳ ಅಂಕಿಯನ್ನು ಬದಲಿಸಲು ಹೋದರೆ ಎರರ್ ಕೊಟ್ಟು ಕೂತುಬಿಡುತ್ತದೆ. ಮೂರರಲ್ಲಿ ನನಗೆ ಪೈಥಾನೇ ಪ್ರಾಮಾಣಿಕ ಅನಿಸೋದು, ಇರಲಿ. ಫೆಬ್ರವರಿಗೆ 28 ಅಂತಲೇ ಇಟ್ಟುಕೊಳ್ಳೋಣ. ನಿಜವಾದ ತೊಂದರೆ ಶುರುವಾಗೋದು ಅದರ ಮುಂದಿನ ತಿಂಗಳು. ಹಿಂದಿನ ಬಿಲ್ಲಿನ ತಾರೀಖಿಗೆ ಒಂದು ತಿಂಗಳು ಕೂಡಿಸು ಅಂತ ಹೇಳಿದ್ದರೆ ಮಾರ್ಚ್ 28 ಬರುತ್ತದೆ. ಆಮೇಲೆ ಏಪ್ರಿಲ್ 28, ಮೇ 28. ತಿಂಗಳ ಕೊನೆಯ ದಿನ ಸೇರಿದ ಗ್ರಾಹಕ ಒಂದು ಸಲ ಫೆಬ್ರವರಿ ದಾಟಿದ ಅಂದರೆ ಮುಗೀತು, ಇನ್ನು ಯಾವತ್ತೂ ಅವನು 28ರ ಗ್ರಾಹಕ. ಜನವರಿಯಲ್ಲಿ ಹಾಕಿದ ತಪ್ಪು ಫೆಬ್ರವರಿಯಲ್ಲಿ ಕಾಣಿಸುವುದಿಲ್ಲ, ಯಾಕೆಂದರೆ ಫೆಬ್ರವರಿಯಲ್ಲಿ 28 ಅನ್ನೋದೇ ಸರಿ. ಅದು ಎದ್ದು ನಿಲ್ಲೋದು ಮಾರ್ಚಿನಲ್ಲಿ.

ಆ ದಿನ ಸಂಜೆ ಹಳೆಯ ದಾಖಲೆ ತೆಗೆದು ನೋಡಿದೆ. ಜನವರಿಯ ಒಂದು ಮಧ್ಯಾಹ್ನ ಪುಲ್ ರಿಕ್ವೆಸ್ಟ್, ಅಂದರೆ ಕೋಡಿನ ಬದಲಾವಣೆ ನೋಡಿ ಒಪ್ಪಿಗೆ ಕೊಡಿ ಅನ್ನೋ ಕೋರಿಕೆ, ನನ್ನ ಹತ್ತಿರ ಬಂದದ್ದು 3:12ಕ್ಕೆ. ನಾನು ಅಪ್ರೂವ್ ಮಾಡಿದ್ದು 3:16ಕ್ಕೆ. ಬದಲಾವಣೆ ಆರುನೂರು ಚಿಲ್ಲರೆ ಸಾಲು. ಕೆಳಗೆ ನನ್ನದೇ ಒಂದು ಕಮೆಂಟ್: "ತುಂಬಾ ನೀಟಾಗಿದೆ." ಪಕ್ಕದಲ್ಲಿ ಹೆಬ್ಬೆರಳು.

ಕಾಣೆಯಾದ ಸಾಲು

ನಮ್ಮ ಹಳೆಯ ಕೋಡಿನಲ್ಲಿ ಈ ಗುಂಡಿಗೆ ಒಂದು ಸಾಲಿನ ಮುಚ್ಚಳ ಇತ್ತು. ಗ್ರಾಹಕ ಮೊದಲು ಸೇರಿದ ದಿನವನ್ನು ಬೇರೆಯಾಗಿ ಇಟ್ಟುಕೊಂಡು, ಪ್ರತಿ ತಿಂಗಳೂ ಆ ದಿನಕ್ಕೇ ಮರಳಲು ನೋಡುವ ಸಾಲು. ಚೆಂದ ಇರಲಿಲ್ಲ. ವೇರಿಯಬಲ್‌ಗೆ ತಲೆಬುಡ ಇಲ್ಲದ ಹೆಸರು. ಯಾಕೆ ಬರೆದದ್ದು ಅಂತ ಮೇಲೆ ಕಮೆಂಟ್ ಕೂಡ ಇಲ್ಲ. ಬರೆದವರು ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಜನವರಿಯಲ್ಲಿ ನಮ್ಮ ಟೀಮಿಗೆ ಹೊಸದಾಗಿ ಬಂದ ಹುಡುಗನಿಗೆ ಬಿಲ್ಲಿಂಗ್ ಭಾಗವನ್ನು ಸ್ವಲ್ಪ ಕ್ಲೀನ್ ಮಾಡು ಅಂತ ಕೊಟ್ಟಿದ್ದೆ. ಅವನು ಎಐ ಏಜೆಂಟ್ ಹಚ್ಚಿದ, ಅಂದರೆ ಹೇಳಿದ ಕೆಲಸಕ್ಕೆ ತಾನೇ ಕೋಡ್ ಓದಿ, ಬರೆದು, ಬದಲಿಸುವ ಎಐ. ಅದರಲ್ಲಿ ಕದ್ದುಮುಚ್ಚಿ ಮಾಡಿದ್ದು ಏನೂ ಇಲ್ಲ. ಬಳಸಿ, ಬೇಗ ಮುಗಿಸಿ ಅಂತ ಕಂಪನಿಯೇ ಹೇಳಿತ್ತು, ನಾನೂ ಹೇಳಿದ್ದೆ. ಏಜೆಂಟ್ ಇಡೀ ಫೈಲನ್ನು ಓದಿ, ಉದ್ದುದ್ದ ಫಂಕ್ಷನ್‌ಗಳನ್ನು ಒಡೆದು, ಹೆಸರುಗಳನ್ನು ಸರಿಮಾಡಿ, ಅಗತ್ಯವಿಲ್ಲ ಅಂತ ಕಂಡದ್ದನ್ನು ತೆಗೆದುಹಾಕಿತ್ತು. ಆ ಸಾಲು ಹೋಗಿದ್ದು ಆಗಲೇ.

"ಸರ್, ಟೆಸ್ಟ್ ಎಲ್ಲಾ ಪಾಸ್ ಆಗಿದೆ" ಅಂದಿದ್ದ ಹುಡುಗ. ನಿಜವೇ. ಹಸಿರು ಬಿಟ್ಟರೆ ಬೇರೆ ಬಣ್ಣವೇ ಇರಲಿಲ್ಲ. ಆದರೆ ಕೋಡ್ ಸರಿಯಾಗಿ ಓಡುತ್ತಾ ಅಂತ ತಾವೇ ನೋಡಿ ಹೇಳುವ ಆ ಟೆಸ್ಟ್‌ಗಳನ್ನು ಬರೆದದ್ದೂ ಅದೇ ಏಜೆಂಟ್. ಮಾರ್ಚಿನಲ್ಲಿ ಒಂದೊಂದನ್ನೇ ತೆರೆದು ನೋಡಿದೆ. ಒಬ್ಬ ಗ್ರಾಹಕ 10ನೇ ತಾರೀಖು ಸೇರುತ್ತಾನೆ. ಇನ್ನೊಬ್ಬ 15ಕ್ಕೆ. ಮತ್ತೊಬ್ಬ 1ನೇ ತಾರೀಖು. ತಿಂಗಳ ಕೊನೆಯಲ್ಲಿ ಒಬ್ಬನೂ ಸೇರುವುದಿಲ್ಲ. ಗುಂಡಿ ಎಲ್ಲಿದೆಯೋ ಅಲ್ಲಿ ಯಾರೂ ನಡೆಯದ ಹಾಗೆ ದಾರಿ ಹಾಕಿದ್ದ ಹಾಗಿತ್ತು. ಬೇಕಂತ ಮಾಡಿದ್ದಲ್ಲ. ಆ ಸಾಲು ಯಾಕಿದೆ ಅಂತ ಗೊತ್ತಿದ್ದರೆ ತಾನೇ ಅದರ ಟೆಸ್ಟ್ ಬರೆಯೋದು? ಗೊತ್ತಿಲ್ಲದ್ದರಿಂದಲೇ ಸಾಲು ಹೋಯಿತು, ಗೊತ್ತಿಲ್ಲದ್ದರಿಂದಲೇ ಟೆಸ್ಟೂ ಬರಲಿಲ್ಲ. ಬರೆದವನ ಕೈಲೇ ಉತ್ತರ ಪತ್ರಿಕೆ ತಿದ್ದಿಸಿದ ಹಾಗೆ.

2023ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ಏವಿಯಾಂಕಾ ಅನ್ನೋ ವಿಮಾನ ಕಂಪನಿಯ ಮೇಲೆ ನಡೆದ ಪ್ರಕರಣ ನೆನಪಾಯಿತು. ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಅರ್ಜಿಯಲ್ಲಿ ಹಾಕಿದ್ದರು, ಅಂಥ ತೀರ್ಪುಗಳು ಇರಲೇ ಇಲ್ಲ. ಕೊನೆಗೆ 5,000 ಡಾಲರ್ ದಂಡ ಬಿತ್ತು. ಎಲ್ಲರೂ ನಕ್ಕಿದ್ದು ಗೊತ್ತು, ನಾನೂ ನಕ್ಕಿದ್ದೆ. ಆದರೆ ಅದರಲ್ಲಿ ನನಗೆ ಈಗ ಚುಚ್ಚುವ ವಿವರವೇ ಬೇರೆ. ವಕೀಲರಿಗೆ ಅನುಮಾನ ಬಂದಿತ್ತು. ಈ ಪ್ರಕರಣಗಳು ನಿಜವಾ ಅಂತ ಅವರು ಕೇಳಿದ್ದರು. ಕೇಳಿದ್ದು ಚಾಟ್‌ಜಿಪಿಟಿಯನ್ನೇ. ಅದು ಹೌದು ಅಂದಿತ್ತು. ನನ್ನ ಹಸಿರು ಟೆಸ್ಟ್‌ಗಳಿಗೂ ಆ 'ಹೌದು'ಗೂ ಏನು ವ್ಯತ್ಯಾಸ ಅಂತ ಹುಡುಕಿದೆ. ಸಿಗಲಿಲ್ಲ.

ಓದುವವನ ಪಾಡು

2024ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಸುಂದರ್ ಪಿಚೈ ಒಂದು ಮಾತು ಹೇಳಿದ್ದರು. ಕಂಪನಿಯ ಹೊಸ ಕೋಡಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಈಗ ಎಐ ಬರೆಯುತ್ತದೆ, ಆಮೇಲೆ ಎಂಜಿನಿಯರ್‌ಗಳು ಅದನ್ನು ಪರಿಶೀಲಿಸಿ ಒಪ್ಪುತ್ತಾರೆ ಅಂತ. ಸುದ್ದಿಯಾಗಿದ್ದು ಮೊದಲ ಅರ್ಧ. ಕಾಲು ಭಾಗ! ಎರಡನೇ ಅರ್ಧವನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಪರಿಶೀಲಿಸಿ ಒಪ್ಪುವುದು ಅಂದರೆ ಯಾರು, ಯಾವಾಗ, ಎಷ್ಟು ಹೊತ್ತು? ನಮ್ಮ ಮೀಟಿಂಗ್‌ಗಳಲ್ಲೂ ಅಷ್ಟೆ. ಎಷ್ಟು ಬರೆದೆವು ಅನ್ನೋದಕ್ಕೆ ಗ್ರಾಫ್ ಇದೆ. ಎಷ್ಟು ಓದಿದೆವು ಅನ್ನೋದಕ್ಕೆ ಇಲ್ಲ. ಬರೆಯುವ ವೇಗ ನಾಲ್ಕು ಪಟ್ಟು ಆದರೆ ಓದಬೇಕಾದದ್ದೂ ನಾಲ್ಕು ಪಟ್ಟು ಆಗುತ್ತದೆ, ಆದರೆ ನನ್ನ ಕಣ್ಣು ಮೊದಲಿನದೇ ಅಲ್ವಾ? ಒಂದು ಸಲಕ್ಕೆ 200ರಿಂದ 400 ಸಾಲಿಗಿಂತ ಜಾಸ್ತಿ ರಿವ್ಯೂ ಮಾಡಬೇಡಿ, ಆಮೇಲೆ ತಪ್ಪು ಕಣ್ಣಿಗೆ ಬೀಳೋದಿಲ್ಲ ಅನ್ನೋದು ನಮ್ಮ ಕಸುಬಿನಲ್ಲಿ ಎಐ ಬರುವ ಎಷ್ಟೋ ಮೊದಲಿನ ಬುದ್ಧಿಮಾತು. ನಾನು ಆರುನೂರು ಸಾಲನ್ನು ನಾಲ್ಕು ನಿಮಿಷದಲ್ಲಿ ಮುಗಿಸಿದ್ದೆ. ಓದಿರಲಿಲ್ಲ ಅನ್ನೋದು ಬೇರೆ ಹೇಳಬೇಕಾ? ಮೇಲಿಂದ ಕೆಳಗೆ ಜಾರಿಸಿದ್ದೆ.

ಇನ್ನೊಂದು ವಿಷಯ, ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಾಲ ಬೇಕಾಯಿತು. ಎಐ ಬರೆದ ಕೋಡ್ ನೋಡಲು ಚೆನ್ನಾಗಿರುತ್ತದೆ. ಅದೇ ತೊಂದರೆ. ಹುಡುಗರು ಕೈಯಲ್ಲಿ ಬರೆದ ಕೋಡ್‌ನಲ್ಲಿ ತಪ್ಪಿದ್ದರೆ ಅದರ ಸುತ್ತಮುತ್ತ ವಾಸನೆ ಬರುತ್ತದೆ. ಹೆಸರು ಗೊಂದಲ, ಒಂದೇ ಕೆಲಸ ಎರಡು ಕಡೆ, ಅರ್ಧಕ್ಕೆ ಬಿಟ್ಟ ಕಮೆಂಟ್. ಇಲ್ಲಿ ಇವನಿಗೆ ಅರ್ಥವಾಗಿಲ್ಲ ಅಂತ ನಮಗೆ ಗೊತ್ತಾಗುತ್ತದೆ, ಅಲ್ಲೇ ನಿಂತು ನೋಡುತ್ತೇವೆ. ಎಐ ಬರೆದದ್ದರಲ್ಲಿ ಸರಿ ಇರುವ ಜಾಗವೂ ತಪ್ಪಿರುವ ಜಾಗವೂ ಒಂದೇ ಥರ ಇಸ್ತ್ರಿ ಮಾಡಿದ ಹಾಗಿರುತ್ತವೆ. ಇಷ್ಟು ವರ್ಷ ನಾನು ರಿವ್ಯೂ ಮಾಡುತ್ತಿದ್ದೆ ಅಂದುಕೊಂಡದ್ದು ಬಹುಪಾಲು ಈ ವಾಸನೆ ಹಿಡಿಯೋದೇ ಆಗಿತ್ತು. ಅದು ಇಲ್ಲದ ಕಡೆ ನನ್ನ ಮೂಗಿಗೆ ಕೆಲಸವಿಲ್ಲ.

ಓದದೆ ಒಪ್ಪುವುದಕ್ಕೆ ಈಗ ಹೆಸರೂ ಬಂದಿದೆ. 2025ರ ಫೆಬ್ರವರಿಯಲ್ಲಿ ಎಐ ಸಂಶೋಧಕ ಆಂಡ್ರೆ ಕರ್ಪಾತಿ 'ವೈಬ್ ಕೋಡಿಂಗ್' ಅನ್ನೋ ಪದ ಬಿಟ್ಟರು. ಬದಲಾವಣೆಗಳನ್ನು ನೋಡೋದೇ ಇಲ್ಲ, ಎಲ್ಲಕ್ಕೂ ಒಪ್ಪಿಗೆ ಒತ್ತುತ್ತೇನೆ ಅಂತ ಅವರು ಮುಚ್ಚುಮರೆ ಇಲ್ಲದೆ ಬರೆದಿದ್ದರು. ವಾರದ ಕೊನೆಯಲ್ಲಿ ಆಟಕ್ಕೆ ಮಾಡಿ ಬಿಸಾಡುವ ಪ್ರಾಜೆಕ್ಟುಗಳಿಗೆ ಇದು ಪರವಾಗಿಲ್ಲ ಅಂತಲೂ ಅದರಲ್ಲೇ ಇತ್ತು. ಆ ಸಾಲು ಬೇಗ ಉದುರಿಹೋಯಿತು. ನಾನು ಮಾಡಿದ್ದು ಅದೇ ಕೆಲಸ, ಆದರೆ ಜನರ ದುಡ್ಡು ಕಟ್ ಆಗುವ ಕೋಡ್‌ನಲ್ಲಿ, ಅದೂ 'ರಿವ್ಯೂ' ಅನ್ನೋ ಮರ್ಯಾದಸ್ತ ಹೆಸರಿನಲ್ಲಿ.

ಇಷ್ಟೆಲ್ಲ ಆಗಿಯೂ ವೇಗ ಹೆಚ್ಚಿದೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆ ಸಮಾಧಾನವನ್ನೂ ಮೆಟರ್ ಅನ್ನೋ ಸಂಶೋಧನಾ ಸಂಸ್ಥೆ ಕಿತ್ತುಕೊಂಡಿತು. 2025ರಲ್ಲಿ ಅವರು 16 ಅನುಭವಿ ಡೆವಲಪರ್‌ಗಳಿಗೆ, ಅವರು ವರ್ಷಗಟ್ಟಲೆ ಕೆಲಸ ಮಾಡಿದ ಓಪನ್ ಸೋರ್ಸ್ ಪ್ರಾಜೆಕ್ಟುಗಳಲ್ಲೇ, ಒಟ್ಟು 246 ಕೆಲಸ ಕೊಟ್ಟರು. ಕೆಲವಕ್ಕೆ ಎಐ ಬಳಸಬಹುದು, ಕೆಲವಕ್ಕೆ ಬಳಸುವ ಹಾಗಿಲ್ಲ. ಎಐ ಬಳಸಿದಾಗ ಸಮಯ 19% ಜಾಸ್ತಿ ಹಿಡಿಯಿತು. ಮುಗಿದ ಮೇಲೆ ಅವರನ್ನೇ ಕೇಳಿದರೆ, ಎಐಯಿಂದ ಸುಮಾರು 20% ಸಮಯ ಉಳಿಯಿತು ಅಂದರು! ಸಣ್ಣ ಅಧ್ಯಯನ, ಆ ವರ್ಷದ ಆರಂಭದ ಟೂಲ್‌ಗಳು, ತಮ್ಮ ಕೋಡನ್ನು ಅಂಗೈ ಗೆರೆಯಂತೆ ಬಲ್ಲವರು. ಇದನ್ನು ಹಿಡಿದು ಎಐ ಬಳಸಿದರೆ ಎಲ್ಲರಿಗೂ ನಿಧಾನ ಅಂತ ಸಾರಿಕೊಂಡು ಹೋಗುವ ಹಾಗಿಲ್ಲ, ನನಗೂ ಎಷ್ಟೋ ಕಡೆ ನಿಜವಾಗಿಯೇ ಬೇಗ ಆಗಿದೆ. ನನ್ನನ್ನು ಕಾಡಿದ್ದು ನಿಧಾನ ಅಲ್ಲ. ತಮ್ಮ ಕೆಲಸದ ವೇಗ ತಮಗೇ ಗೊತ್ತಾಗದಿದ್ದದ್ದು.

ಪೇಪರ್ ಮೇಲೆ ಬರಿ

ಈಗ ಇಪ್ಪತ್ತು ವರ್ಷದ ಹಿಂದಿನ ಕಥೆಗೆ ಬರುತ್ತೇನೆ. ಅದು ಮೊದಲ ಕೆಲಸ, ಬೇರೆ ಕಂಪನಿ. ಅಲ್ಲಿ ನಮ್ಮ ಲೀಡ್ ಒಬ್ಬರು ಮೇಡಂ. ಜಾಸ್ತಿ ಮಾತಾಡುವವರಲ್ಲ. ಸೇರಿ ಮೂರು ತಿಂಗಳಾಗಿತ್ತು, ಕಂತು ಕಟ್ಟುವ ತಾರೀಖು ಲೆಕ್ಕ ಹಾಕುವ ಒಂದು ಸಣ್ಣ ಫಂಕ್ಷನ್ ಬರೆಯಲು ಕೊಟ್ಟಿದ್ದರು. ಅರ್ಧ ದಿನದಲ್ಲಿ ಬರೆದು ಹೆಮ್ಮೆಯಿಂದ ಹೋಗಿ ತೋರಿಸಿದೆ. ಸ್ಕ್ರೀನ್ ನೋಡಲೇ ಇಲ್ಲ. ಪ್ರಿಂಟರ್‌ನಿಂದ ಒಂದು ಖಾಲಿ ಹಾಳೆ ಎಳೆದು ಕೊಟ್ಟು, "ಜನವರಿ 31ಕ್ಕೆ ಸಾಲ ತಗೊಂಡಿದ್ದಾನೆ ಒಬ್ಬ. ಅವನ ಹನ್ನೆರಡು ಕಂತಿನ ತಾರೀಖು ಬರಿ ನೋಡೋಣ" ಅಂದರು. ಕಂಪ್ಯೂಟರ್ ಇರುವಾಗ ಪೇಪರ್ ಯಾಕೆ ಅಂತ ಒಳಗೊಳಗೇ ಉರಿಯಿತು. ಬರೆಯುತ್ತಾ ಹೋದೆ. ಫೆಬ್ರವರಿ 28. ಮಾರ್ಚ್ ಅಂತ ಬರೆದು ಪೆನ್ನು ನಿಂತಿತು. 28ಆ, 31ಆ? ನನ್ನ ಫಂಕ್ಷನ್ 28 ಅನ್ನುತ್ತಿತ್ತು. ನನ್ನ ಮನಸ್ಸು 31 ಅನ್ನುತ್ತಿತ್ತು.

ಸುಮಾರು ಹೊತ್ತು ಹಾಗೇ ಕೂತಿದ್ದೆ. ಅವರು ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದರು. ಕೊನೆಗೆ ನಾನೇ ಕೇಳಿದೆ, "ಮೇಡಂ, ಇದಕ್ಕೆ ರೂಲ್ ಏನು?" ಅವರು ತಿರುಗದೆಯೇ, "ಅದನ್ನೇ ನೀನು ಕೇಳಬೇಕಾಗಿದ್ದು, ಬರೆಯೋ ಮುಂಚೆ" ಅಂದರು. ಆಮೇಲೆ ಎರಡು ದಿನ ಓಡಾಡಿದೆ. ಅಕೌಂಟ್ಸ್‌ನವರನ್ನು ಕೇಳಿದೆ, ಅವರು ಗ್ರಾಹಕರ ಜೊತೆಗಿನ ಒಪ್ಪಂದ ತೋರಿಸಿದರು, ಅದರಲ್ಲಿ 'ಆಯಾ ತಿಂಗಳ ಅದೇ ದಿನ, ಇಲ್ಲದಿದ್ದರೆ ಕೊನೆಯ ದಿನ' ಅಂತಿತ್ತು. ಅರ್ಧ ದಿನದ ಫಂಕ್ಷನ್‌ಗೆ ಮೂರು ದಿನ ಹಿಡಿಯಿತು. ಇವತ್ತಿನ ಲೆಕ್ಕದಲ್ಲಿ ಅದು ಶುದ್ಧ ದಂಡ. ಯಾವ ಏಜೆಂಟ್ ಆದರೂ ಅರ್ಧ ನಿಮಿಷದಲ್ಲಿ ಬರೆದುಕೊಡುವಂಥದ್ದು. ಆದರೆ ಮಾರ್ಚ್ 28ರಂದು ಒಬ್ಬರ ದೂರಿನಲ್ಲಿ 31 ಅನ್ನೋದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತಲ್ಲ, ಅದು ಆ ಮೂರು ದಿನದ ಸಂಪಾದನೆ. ನನ್ನ ಟೀಮಿನ ಹುಡುಗ ಅದೇ ದೂರನ್ನು ಬೆಳಿಗ್ಗೆಯೇ ಓದಿದ್ದ. ಅವನಿಗೆ ಏನೂ ಅನಿಸಿರಲಿಲ್ಲ. ಅವನು ದಡ್ಡ ಅಂತಲ್ಲ, ನನಗಿಂತ ಚುರುಕು. ಅವನಿಗೆ ಯಾರೂ ಖಾಲಿ ಹಾಳೆ ಕೊಟ್ಟಿರಲಿಲ್ಲ ಅಷ್ಟೆ. ಕೊಡಬೇಕಾದವನು ನಾನು. ನಾನು ಏಜೆಂಟ್‌ನ ಲೈಸೆನ್ಸ್ ಕೊಟ್ಟಿದ್ದೆ.

ಹಳೆಯ ವ್ಯಂಗ್ಯ

ಇದೇನು ಹೊಸ ಸಂಕಟ ಅಲ್ಲ. ಲಿಸಾನ್ ಬೇನ್‌ಬ್ರಿಡ್ಜ್ ಅನ್ನೋ ಮನೋವಿಜ್ಞಾನಿ 1983ರಲ್ಲೇ ಯಾಂತ್ರೀಕರಣದ ವ್ಯಂಗ್ಯಗಳ ಬಗ್ಗೆ ಒಂದು ಲೇಖನ ಬರೆದಿದ್ದರು. ಆಗ ಅವರ ಕಣ್ಣ ಮುಂದಿದ್ದದ್ದು ಕಾರ್ಖಾನೆಗಳ ಕಂಟ್ರೋಲ್ ರೂಮ್. ಸುಲಭದ ಕೆಲಸಗಳನ್ನೆಲ್ಲ ಯಂತ್ರಕ್ಕೆ ಕೊಟ್ಟು, ಮನುಷ್ಯನಿಗೆ ಎರಡೇ ಕೆಲಸ ಉಳಿಸುತ್ತೇವೆ: ಯಂತ್ರ ಸರಿಯಾಗಿ ಮಾಡುತ್ತಿದೆಯಾ ಅಂತ ನೋಡುತ್ತಾ ಕೂರೋದು, ಕೈಕೊಟ್ಟಾಗ ತಾನು ಹಿಡಿದುಕೊಳ್ಳೋದು. ಸುಮ್ನೆ ನೋಡುತ್ತಾ ಕೂರೋದು ಮನುಷ್ಯನಿಂದ ಆಗುವ ಕೆಲಸವೇ ಅಲ್ಲ, ಅರ್ಧ ಗಂಟೆಯಲ್ಲಿ ಗಮನ ಎಲ್ಲೋ ಹೋಗಿರುತ್ತದೆ. ಇನ್ನು ಕೈಕೊಟ್ಟಾಗ ಹಿಡಿದುಕೊಳ್ಳಲು ಬೇಕಾದ ಪಳಗಿದ ಕೈ ಬರೋದು ದಿನಾ ಮಾಡುವುದರಿಂದ, ಆ ದಿನಾ ಮಾಡುವ ಕೆಲಸವನ್ನೇ ಯಂತ್ರಕ್ಕೆ ಕೊಟ್ಟಾಗಿದೆ. ನಲವತ್ತು ವರ್ಷದ ಹಿಂದಿನ ಮಾತು. ಅದರಲ್ಲಿ ಕಂಟ್ರೋಲ್ ರೂಮ್ ತೆಗೆದು ಪುಲ್ ರಿಕ್ವೆಸ್ಟ್ ಅಂತ ಹಾಕಿ ಓದಿಕೊಳ್ಳಿ.

ವಿಮಾನದವರು ಇದನ್ನು ಬಹಳ ದುಬಾರಿ ಬೆಲೆ ಕೊಟ್ಟು ಕಲಿತರು. 2009ರ ಜೂನ್ 1ರಂದು ಏರ್ ಫ್ರಾನ್ಸ್ 447 ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಜನ ಸತ್ತರು. ವೇಗ ಅಳೆಯುವ ಕೊಳವೆಗಳಲ್ಲಿ ಹಿಮ ಕಟ್ಟಿ ಆಟೋಪೈಲಟ್ ಬಿಟ್ಟುಕೊಟ್ಟಿತು. ವಿಮಾನ ಪೈಲಟ್‌ಗಳ ಕೈಗೆ ಬಂತು, ಅಷ್ಟು ಎತ್ತರದಲ್ಲಿ ಅದನ್ನು ಕೈಯಲ್ಲಿ ಹಾರಿಸುವ ಅಭ್ಯಾಸ ಅವರಿಗೆ ಇರಲಿಲ್ಲ. 2013ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಆಡಳಿತ, ಸಾಧ್ಯವಿದ್ದಾಗಲೆಲ್ಲ ಪೈಲಟ್‌ಗಳಿಗೆ ಕೈಯಾರೆ ಹಾರಿಸಲು ಬಿಡಿ ಅಂತ ವಿಮಾನ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಆಟೋಪೈಲಟ್ ಕೆಟ್ಟದ್ದು ಅಂತಲ್ಲ. ಅದು ಚೆನ್ನಾಗಿದೆ ಅಂತಲೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನನ್ನ ಗೆಳೆಯನೊಬ್ಬ ಮುಖಕ್ಕೇ ಹೇಳಿದ. ಕ್ಯಾಲ್ಕುಲೇಟರ್ ಬಂದಾಗಲೂ ಹೀಗೇ ಅತ್ತಿದ್ದರು, ಮಗ್ಗಿ ಮರೆತರೆ ಆಕಾಶ ಬಿತ್ತಾ ಅಂತ. ಬೀಳಲಿಲ್ಲ, ಒಪ್ಪುತ್ತೇನೆ. ಆದರೆ ಕ್ಯಾಲ್ಕುಲೇಟರ್ ತಪ್ಪು ಉತ್ತರ ಕೊಡೋದಿಲ್ಲ, ಅದರ ಹಿಂದೆ ಕೂತು ಪರಿಶೀಲಿಸಲು ಯಾರನ್ನೂ ನೇಮಿಸಬೇಕಾಗಿರಲಿಲ್ಲ. ಇಲ್ಲಿ ಇಡೀ ಏರ್ಪಾಡು ನಿಂತಿರೋದೇ ಕೊನೆಯಲ್ಲಿ ಒಬ್ಬ ಮನುಷ್ಯ ನೋಡುತ್ತಾನೆ ಅನ್ನೋದರ ಮೇಲೆ. ಆ ಮನುಷ್ಯನ ಕಣ್ಣು ಮಂಜಾಗುತ್ತಾ ಹೋದರೆ? 2025ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಬಳಗದ ಒಂದು ಪತ್ರಿಕೆಯಲ್ಲಿ ಪೋಲೆಂಡಿನ ನಾಲ್ಕು ಕೇಂದ್ರಗಳ ಅಧ್ಯಯನ ಬಂತು. ಕರುಳಿನೊಳಗೆ ಕ್ಯಾಮೆರಾ ಬಿಟ್ಟು, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳನ್ನು ಹುಡುಕುವ ವೈದ್ಯರ ಬಗ್ಗೆ. ಎಐ ಸಹಾಯ ಬರುವ ಮುಂಚೆ ಅವರು 28.4% ಪರೀಕ್ಷೆಗಳಲ್ಲಿ ಗಂಟು ಕಂಡುಹಿಡಿಯುತ್ತಿದ್ದರು. ಎಐ ಬಂದ ಮೇಲೆ, ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಅದು 22.4%ಕ್ಕೆ ಇಳಿಯಿತು. ಕಾರಣ ಎಐ ಒಂದೇ ಅಂತ ಇಂಥ ಅಧ್ಯಯನದಿಂದ ಸಾಬೀತಾಗುವುದಿಲ್ಲ. ಆದರೂ ಅವರೆಲ್ಲ ಪಳಗಿದವರು, ಹೊಸಬರಲ್ಲ. ಓದಿದ ದಿನ ನನ್ನ ಹೆಬ್ಬೆರಳಿನ ಕಮೆಂಟ್ ಮತ್ತೆ ತೆಗೆದು ನೋಡಿದೆ.

ಹೊಸಬರು ಎಲ್ಲಿಂದ

ಕಂಪನಿಗಳ ಲೆಕ್ಕ ಬೇರೆ ಇರುತ್ತದೆ, ಅದರಲ್ಲಿ ಮುಚ್ಚಿಡೋದೇನೂ ಇಲ್ಲ. ಸಣ್ಣಪುಟ್ಟ ಕೆಲಸ ಎಐ ಮಾಡುತ್ತದೆ, ಒಬ್ಬ ಸೀನಿಯರ್ ನೋಡಿಕೊಳ್ಳುತ್ತಾನೆ, ಹಾಗಾದರೆ ಮೂವರು ಹೊಸಬರು ಯಾಕೆ? ಸ್ಟ್ಯಾನ್‌ಫರ್ಡ್‌ನ ಎರಿಕ್ ಬ್ರಿನ್‌ಯೋಲ್ಫ್‌ಸನ್ ಮತ್ತು ಇಬ್ಬರು ಸಹೋದ್ಯೋಗಿಗಳು 2025ರಲ್ಲಿ ಅಮೆರಿಕದ ಸಂಬಳದ ದಾಖಲೆಗಳನ್ನು ಜಾಲಾಡಿದರು. ಎಐ ಹೆಚ್ಚು ತಟ್ಟುವ ಉದ್ಯೋಗಗಳಲ್ಲಿ 22ರಿಂದ 25 ವಯಸ್ಸಿನವರ ಕೆಲಸ, ಉಳಿದವರಿಗೆ ಹೋಲಿಸಿದರೆ, 13% ಇಳಿದಿತ್ತು. ಅದೇ ಉದ್ಯೋಗಗಳಲ್ಲಿ ಅನುಭವ ಇದ್ದವರಿಗೆ ಹಾಗಾಗಿರಲಿಲ್ಲ. ನಾನು ಆ ಅನುಭವಿಗಳ ಪೈಕಿ. ಓದಿ ಖುಷಿಪಡಬೇಕಿತ್ತೋ ಏನೋ. ನನಗೆ ಬಂದ ಯೋಚನೆ, ಇನ್ನು ಹದಿನೈದು ವರ್ಷಕ್ಕೆ ನಮ್ಮ ಥರದವರು ಹೊರಡುವಾಗ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ? ಅನುಭವ ಅನ್ನೋದು ಬಾಡಿಗೆಗೆ ಸಿಗೋದಿಲ್ಲ. ಒಬ್ಬರು ಖಾಲಿ ಹಾಳೆ ಕೊಡಬೇಕು, ಇನ್ನೊಬ್ಬರು ಅದರ ಮುಂದೆ ಪೆಚ್ಚಾಗಿ ಕೂರಬೇಕು, ಆ ಹೊತ್ತಿಗೆಲ್ಲ ಯಾರೋ ಸಂಬಳ ಕೊಡಬೇಕು.

ಅಷ್ಟರವರೆಗೆ ಎಐಯೇ ಎಲ್ಲ ನೋಡಿಕೊಳ್ಳುವಷ್ಟು ಬೆಳೆದಿರುತ್ತೆ ಬಿಡಿ ಅನ್ನುವವರಿದ್ದಾರೆ. ಇರಬಹುದು. ಸ್ವೀಡನ್ನಿನ ಹಣಕಾಸು ಕಂಪನಿ ಕ್ಲಾರ್ನಾ 2024ರ ಫೆಬ್ರವರಿಯಲ್ಲಿ ತನ್ನ ಎಐ ಸಹಾಯಕ ಗ್ರಾಹಕ ಸೇವೆಯ 700 ಜನರ ಕೆಲಸ ಮಾಡುತ್ತಿದೆ ಅಂತ ಸಾರಿತ್ತು. ಮರುವರ್ಷ ಅದರ ಮುಖ್ಯಸ್ಥರೇ, ಖರ್ಚಿನ ಕಡೆಗೇ ಜಾಸ್ತಿ ನೋಡಿದೆವು, ಗುಣಮಟ್ಟ ಇಳಿಯಿತು ಅಂತ ಹೇಳಿ ಮನುಷ್ಯರನ್ನು ಮತ್ತೆ ತೆಗೆದುಕೊಳ್ಳಲು ಶುರುಮಾಡಿದರು. ಗ್ರಾಹಕ ಸೇವೆಯಲ್ಲಿ ಮರಳಿ ಜನ ಸಿಗುತ್ತಾರೆ. ಹದಿನೈದು ವರ್ಷ ಪಳಗಿದ ಕಣ್ಣನ್ನು ಹಾಗೆ ಜಾಹೀರಾತು ಹಾಕಿ ಕರೆಸಲು ಆಗುವುದಿಲ್ಲ.

ಇನ್ನು ಹೊಣೆ ಯಾರದು ಅನ್ನೋ ಪ್ರಶ್ನೆ. ಇದರಲ್ಲಿ ನನಗೆ ಗೊಂದಲವೇ ಇಲ್ಲ. ಏರ್ ಕೆನಡಾದ ಚಾಟ್‌ಬಾಟ್ ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕನೊಬ್ಬನಿಗೆ ರಿಯಾಯಿತಿ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಚಾಟ್‌ಬಾಟ್ ಬೇರೆಯೇ ಒಂದು ಘಟಕ, ಅದರ ಮಾತಿಗೆ ಅದೇ ಹೊಣೆ ಅನ್ನುವಂಥ ವಾದವನ್ನು ಕಂಪನಿ ಮುಂದಿಟ್ಟಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನು ಒಪ್ಪದೆ ಪರಿಹಾರ ಕೊಡಿಸಿತು. ಮಾರ್ಚ್ 28ರ ಸಂಜೆ ನಮ್ಮ ಮೀಟಿಂಗ್‌ನಲ್ಲೂ ಒಬ್ಬರು, "ಹಾಗಾದ್ರೆ ಇದು ಎಐ ಮಾಡಿದ ತಪ್ಪು ಅಂತ ರಿಪೋರ್ಟಲ್ಲಿ ಹಾಕೋಣ್ವಾ?" ಅಂದರು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಅಪ್ರೂವ್ ಮಾಡಿದವರ ಜಾಗದಲ್ಲಿ ಯಾರ ಹೆಸರಿದೆಯೋ ಅದನ್ನೇ ಹಾಕಿ ಅಂದೆ. ಹೀರೋ ಆಗೋಕೆ ಹೇಳಿದ್ದಲ್ಲ. ಸ್ಕ್ರೀನ್ ಮೇಲೆ ಆ ಹೆಸರು ಎಲ್ಲರಿಗೂ ಕಾಣುತ್ತಿತ್ತು.

ಹಾಳೆ

ದುಡ್ಡು ವಾಪಸ್ ಹಾಕಿ, ತಾರೀಖು ಸರಿಮಾಡಿ, ಕ್ಷಮೆ ಕೇಳಿ ಮುಗಿಯಲು ಒಂದು ವಾರ ಹಿಡಿಯಿತು. ಆಮೇಲೆ ಒಂದು ದಿನ ಹುಡುಗನನ್ನು ಕರೆದು ಖಾಲಿ ಹಾಳೆ ಕೊಟ್ಟೆ. ಕೊಡುವಾಗ ನನಗೇ ನಗು ಬಂತು, ಇದು ಯಾವ ಕಾಲದ ಮೇಷ್ಟ್ರ ವೇಷ ಅಂತ. ಜನವರಿ 31ರಿಂದ ಹನ್ನೆರಡು ತಾರೀಖು ಬರಿ ಅಂದೆ. ಏನಾಗಿದೆ ಅಂತ ಅವನಿಗೆ ಈಗಾಗಲೇ ಗೊತ್ತಿದ್ದರಿಂದ ಚಕಚಕ ಬರೆದ. ಮಾರ್ಚ್ 31 ಅಂತ ಬರೆದು ಕೆಳಗೆ ಗೆರೆಯನ್ನೂ ಎಳೆದ. ಹಾಗಾದರೆ ಇದರಿಂದ ಉಪಯೋಗವೇ ಆಗಲಿಲ್ಲ ಅಂದುಕೊಂಡೆ. ಪೆಚ್ಚಾಗಿ ಕೂರುವ ಹೊತ್ತು ಬರಲೇ ಇಲ್ಲವಲ್ಲ.

ಅವನು ಹಾಳೆ ವಾಪಸ್ ಕೊಡಲಿಲ್ಲ. ಹಿಂದೆ ತಿರುಗಿಸಿ ಏನೋ ಬರೆದುಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ, "ಸರ್, ವರ್ಷಕ್ಕೊಂದು ಸಲ ಕಟ್ಟೋ ಪ್ಲಾನ್ ಇದೆಯಲ್ಲ, ಅದರಲ್ಲಿ ಫೆಬ್ರವರಿ 29ಕ್ಕೆ ಸೇರಿದವರಿದ್ರೆ?" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಬ್ಬರೂ ಕೋಡ್ ತೆಗೆದೆವು. ವಾರ್ಷಿಕ ಪ್ಲಾನಿನ ಲೆಕ್ಕ ಬೇರೆ ಫೈಲ್‌ನಲ್ಲಿತ್ತು. ಏಜೆಂಟ್ ಅದನ್ನು ಮುಟ್ಟಿರಲೇ ಇಲ್ಲ. ಅಲ್ಲಿ ವರ್ಷಕ್ಕೆ ಒಂದು ಕೂಡಿಸಿ ಬಿಟ್ಟಿತ್ತು, ಮುಂದೆ ಹಿಂದೆ ಏನೂ ಇಲ್ಲ. ಅದು ಜಾವಾಸ್ಕ್ರಿಪ್ಟ್. 29 ಇಲ್ಲದ ವರ್ಷ ಅದು ಮಾರ್ಚ್ 1ಕ್ಕೆ ಜಾರುತ್ತದೆ, ಜಾರಿದ್ದು ಮತ್ತೆ ಹಿಂದೆ ಬರುವುದಿಲ್ಲ. ಡೇಟಾಬೇಸ್‌ನಲ್ಲಿ ಹುಡುಕಿದರೆ 2024ರ ಫೆಬ್ರವರಿ 29ರಂದು ಸೇರಿದ ಹನ್ನೊಂದು ಜನ ಸಿಕ್ಕರು. ಹನ್ನೊಂದೂ ಮಾರ್ಚ್ 1ಕ್ಕೆ ಹೋಗಿ ನಿಂತಿದ್ದವು. ಒಬ್ಬರೂ ದೂರು ಕೊಟ್ಟಿರಲಿಲ್ಲ. ಒಂದು ದಿನ ತಡವಾಗಿ ದುಡ್ಡು ಕಟ್ ಆದರೆ ಯಾರು ಯಾಕೆ ದೂರು ಕೊಡ್ತಾರೆ, ಅಲ್ವಾ?

ಆ ಸಾಲು ಯಾರು ಬರೆದದ್ದು ಅಂತ ಹುಡುಗ ಹಿಸ್ಟರಿ ತೆರೆದ. ಎಐ ಬರುವ ಎಷ್ಟೋ ವರ್ಷ ಮೊದಲಿನದು. ಅವನು ಸ್ಕ್ರೀನ್ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಬಹಳ ಮರ್ಯಾದೆಯಿಂದ ಆ ಕಿಟಕಿಯನ್ನು ಮುಚ್ಚಿದ.